ಆರಿಸಬೇಕೋ, ಉರಿಯಲು ಬಿಡಬೇಕೋ?

ಕಳೆದ ಮಳೆಗಾಲದಿಂದ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ನಡೆದಿದೆ. ವಾದಿ ನಮ್ಮ ಮಗ, ವಯಸ್ಸು ಹದಿನೇಳು. ಪ್ರತಿವಾದಿ ನಮ್ಮ ತಾಯಿಯವರು, ವಯಸ್ಸು ಎಪ್ಪತ್ತು. ವ್ಯಾಜ್ಯದ ವಸ್ತು, ಹೊರಕೋಣೆಯ ಕಪಾಟಿನ ಮೇಲಿರುವ ಒಂದು ಹಳೆಯ ಆಂಪ್ಲಿಫೈಯರು. ಮಗ ಅದನ್ನು ಹಗಲೂ ರಾತ್ರಿಯೂ ಚಾಲೂ ಇಟ್ಟಿರಬೇಕೆನ್ನುತ್ತಾನೆ. ತಾಯಿಯವರು ಹಾಡು ಮುಗಿದ ಕೂಡಲೇ ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ. ನ್ಯಾಯಾಧೀಶರ ಪೀಠ ನಮ್ಮ ಪಾಲಿಗೆ ಬಂದಿದೆ. ಎಂದೋ ಒಂದು ಕಾಲದಲ್ಲಿ ನಾವು ಬಿ.ಎಸ್ಸಿ.ಗೆ ಭೌತಶಾಸ್ತ್ರ ಓದಿದ್ದೆವೆಂಬುದನ್ನು ಮನೆಯವರು ಇನ್ನೂ ಮರೆತಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಎಂದು ವಾಚಕರು ನಗಬಹುದು. ನಾವೂ ಮೊದಲು ನಕ್ಕೆವು. ಸ್ವಿಚ್ಚು ಹಾಕುವುದು, ಆರಿಸುವುದು ಧರ್ಮಾಧರ್ಮದ ವಿಷಯವೇ ಅಲ್ಲವೆಂದುಕೊಂಡೆವು. ಆದರೆ ತೀರ್ಪು ಕೊಡಲು ಕುಳಿತಾಗ ತಿಳಿಯಿತು, ಯಾವ ಸ್ವಿಚ್ಚಿನ ತಂತಿಯೂ ಗೋಡೆಯಲ್ಲೇ ಮುಗಿಯುವುದಿಲ್ಲ. ಅದನ್ನು ಹಿಡಿದು ಹೊರಟವರು ಎಲ್ಲಿಯೋ ಹೋಗಿ ನಿಲ್ಲಬೇಕಾಗುತ್ತದೆ. ನಾವು ಹೋಗಿ ನಿಂತದ್ದು ನಮ್ಮ ತಾಯಿಯವರ ತವರೂರಿನಲ್ಲಿ. ಆ ಊರು ಈಗ ಇಲ್ಲ.

ಮೊದಲು ಪೆಟ್ಟಿಗೆಯ ವಿಚಾರ ಹೇಳಿಬಿಡುತ್ತೇವೆ. ನಮ್ಮ ತಂದೆಯವರು ತೀರಿಕೊಂಡ ಮೇಲೆ ಅವರ ಎಲ್.ಪಿ. ತಟ್ಟೆಗಳ ಒಂದು ಕಟ್ಟು ಅಟ್ಟದ ಮೇಲೆ ಉಳಿದಿತ್ತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ತಟ್ಟೆಗಳು. ನುಡಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಹೋದ ವರ್ಷ ಮಗನಿಗೆ ಅದರ ಗೀಳು ಹತ್ತಿತು. ಲ್ಯಾಮಿಂಗ್ಟನ್ ರಸ್ತೆಯ ಗಲ್ಲಿಗಳಲ್ಲಿ ಅಲೆದು, ಹುಟ್ಟುಹಬ್ಬಕ್ಕೆ ಬಂದ ದುಡ್ಡಿಗೆ ಸೋದರಮಾವ ಕೊಟ್ಟ ದುಡ್ಡನ್ನೂ ಕೂಡಿಸಿ, ಒಂದು ಹಳೆಯ ಟರ್ನ್‌ಟೇಬಲ್ಲನ್ನೂ ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೂ ತಂದ. ಅಕ್ಕಿಯ ಚೀಲದಂತೆ ಭಾರ. ಮುಂದುಗಡೆ ಕಡಲೆಕಾಳಿನಷ್ಟು ಒಂದು ನೀಲಿ ದೀಪ. ಹಾಡು ಹಾಕದೆ ಸುಮ್ಮನೆ ಇಟ್ಟಿದ್ದರೂ ಅದರ ಬೆನ್ನು ಬೆಚ್ಚಗಿರುತ್ತದೆ. ಅಜ್ಜ ಕೇಳುತ್ತಿದ್ದ ತೋಡಿಯನ್ನು ಮೊಮ್ಮಗ ಕೇಳುತ್ತಾನಲ್ಲಾ ಎಂದು ನಮಗೆ ಒಳಗೊಳಗೇ ಸಂತೋಷ. ಹೀಗಾಗಿ ನ್ಯಾಯಾಧೀಶರು ಪೂರ್ತಿ ನಿಷ್ಪಕ್ಷಪಾತಿಗಳಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಇನ್ನು ವಾದಿಯ ಪಕ್ಷ. ಮಗನ ವಾದ ಹುಡುಗಾಟದ್ದಲ್ಲ. ಯಂತ್ರ ಓಡುತ್ತಿರುವುದರಿಂದ ಅಷ್ಟು ಕೆಡುವುದಿಲ್ಲ, ಓಡಿಸಿ ನಿಲ್ಲಿಸಿ ಮತ್ತೆ ಓಡಿಸುವುದರಿಂದ ಕೆಡುತ್ತದೆ ಎನ್ನುತ್ತಾನೆ. ಚಾಲೂ ಮಾಡಿದಾಗ ಒಳಗಿನ ಭಾಗಗಳು ಕಾದು ಹಿಗ್ಗುತ್ತವೆ, ಆರಿಸಿದಾಗ ತಣಿದು ಕುಗ್ಗುತ್ತವೆ. ತಾಮ್ರ ಹಿಗ್ಗುವ ಪ್ರಮಾಣ ಬೇರೆ, ಬೆಸುಗೆ ಹಿಗ್ಗುವ ಪ್ರಮಾಣ ಬೇರೆ. ದಿನಂಪ್ರತಿ ಈ ಎಳೆದಾಟ ನಡೆದರೆ ವರ್ಷಗಳ ಮೇಲೆ ಬೆಸುಗೆ ಬಿರುಕು ಬಿಡುತ್ತದೆ. ಹಳೆಯ ತಂತಿಯ ಬಲ್ಬು ಬಹುಮಟ್ಟಿಗೆ ಹೊತ್ತಿಸಿದ ಕ್ಷಣದಲ್ಲೇ 'ಟಪ್' ಎಂದು ಹೋಗುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ತಣ್ಣಗಿರುವ ಟಂಗ್‌ಸ್ಟನ್ ಎಳೆಯ ರೋಧ ಕಾದ ಎಳೆಯ ರೋಧದ ಹತ್ತನೆಯ ಒಂದು ಪಾಲಿನಷ್ಟೇ ಇರುವುದರಿಂದ ಮೊದಲ ಕ್ಷಣದಲ್ಲಿ ವಿದ್ಯುತ್ತು ಹಲವು ಪಟ್ಟು ನುಗ್ಗುತ್ತದೆ. ಸವೆದ ಎಳೆ ಅದನ್ನು ತಾಳಲಾರದು.

ಅವನು ಎರಡು ಸಾಕ್ಷಿಗಳನ್ನೂ ತಂದ. ೧೯೪೬ರಲ್ಲಿ ಅಮೆರಿಕದವರು ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದವು. ಅವು ಹೆಚ್ಚಾಗಿ ಕೆಡುತ್ತಿದ್ದುದು ಯಂತ್ರ ಕಾಯುವ ಹೊತ್ತಿನಲ್ಲಿ ಮತ್ತು ತಣಿಯುವ ಹೊತ್ತಿನಲ್ಲಿ. ಇದನ್ನು ಕಂಡುಕೊಂಡ ಎಂಜಿನಿಯರರು ಆದಷ್ಟು ಮಟ್ಟಿಗೆ ಅದನ್ನು ಆರಿಸುವುದನ್ನೇ ಬಿಟ್ಟರು. ಎರಡನೆಯ ಸಾಕ್ಷಿ, ಕ್ಯಾಲಿಫೋರ್ನಿಯದ ಲಿವರ್‌ಮೋರ್ ಪಟ್ಟಣದ ಅಗ್ನಿಶಾಮಕ ಠಾಣೆಯ ಒಂದು ಬಲ್ಬು. ಅದು ೧೯೦೧ರಿಂದ, ನಡುವೆ ಕೆಲವು ಅಲ್ಪ ವಿರಾಮಗಳನ್ನು ಬಿಟ್ಟರೆ, ಉರಿಯುತ್ತಲೇ ಇದೆ. "ನೂರಿಪ್ಪತ್ತು ವರ್ಷ ದಾಟಿತು ಅಪ್ಪಾ. ಅಜ್ಜಿ ಅಲ್ಲಿದ್ದಿದ್ದರೆ ಎಂದೋ ಕೆಡುತ್ತಿತ್ತು" ಎಂದ.

ನಾವು ಪಾಟೀಸವಾಲು ಹಾಕಿದೆವು. ಲಿವರ್‌ಮೋರಿನ ಬಲ್ಬು ಈಗ ಉರಿಯುತ್ತಿರುವುದು ಸುಮಾರು ೪ ವಾಟಿನಷ್ಟು ಮಂದವಾಗಿ. ಅದು ಬದುಕಿದೆ ನಿಜ, ಆದರೆ ಬಲ್ಬಿನ ಕೆಲಸ ಮಾಡುತ್ತಿಲ್ಲ. ಇನ್ನು ಆಂಪ್ಲಿಫೈಯರಿನ ಒಳಗೆ ಇಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳಿರುತ್ತವೆ. ಅವುಗಳೊಳಗಿನ ದ್ರವ ಕಾವಿಗೆ ಮೆಲ್ಲಮೆಲ್ಲಗೆ ಆರುತ್ತದೆ. ಕಾವು ೧೦ ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರರ ಕೈಲೆಕ್ಕ. ವಾಲ್ವಿನ ಆಂಪ್ಲಿಫೈಯರಾದರಂತೂ ವಾಲ್ವುಗಳ ಆಯುಷ್ಯವನ್ನು ಗಂಟೆಗಳಲ್ಲೇ ಎಣಿಸುತ್ತಾರೆ. ಶಬ್ದವನ್ನು ಹೊರಡಿಸುವ ದೊಡ್ಡ ವಾಲ್ವುಗಳು ಕೆಲವು ಸಾವಿರ ಗಂಟೆ ಬಾಳುತ್ತವೆ. ವರ್ಷಕ್ಕಿರುವುದು ೮,೭೬೦ ಗಂಟೆ. ಹಗಲೂ ರಾತ್ರಿ ಉರಿಸಿದರೆ ಹಾಡು ಕೇಳುವ ಮೊದಲೇ ಆಯುಷ್ಯ ತೀರುತ್ತದೆ. ಒಟ್ಟಿನಲ್ಲಿ ಭೌತಶಾಸ್ತ್ರದ ತೀರ್ಪು ಇಷ್ಟು: ಗಳಿಗೆಗೊಮ್ಮೆ ಹಾಕಿ ಆರಿಸುವುದೂ ಒಳ್ಳೆಯದಲ್ಲ, ಕೇಳದೆ ದಿನವಿಡೀ ಕಾಯಿಸುವುದೂ ಒಳ್ಳೆಯದಲ್ಲ.

ಕಾದ ಆಂಪ್ಲಿಫೈಯರಿನ ನಾದ ಚೆನ್ನಾಗಿರುತ್ತದೆಂಬುದು ಮಗನ ಕಡೆಯ ಅಸ್ತ್ರ. ಅದರಲ್ಲಿ ಸತ್ಯಾಂಶವಿದೆ. ಟ್ರಾನ್ಸಿಸ್ಟರುಗಳ ಗುಣ ಕಾವಿನೊಂದಿಗೆ ಬದಲಾಗುವುದರಿಂದ ಯಂತ್ರ ಒಂದು ಹದಕ್ಕೆ ಬಂದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ಅದಕ್ಕೆ ಬೇಕಾದದ್ದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮಿಕ್ಕ ಇಪ್ಪತ್ತೆರಡು ಗಂಟೆ ಅದನ್ನು ಕಾಯಿಸುವುದು ರಾತ್ರಿಯ ಊಟಕ್ಕೆ ಬೆಳಗಿನಿಂದ ಎಸರು ಕುದಿಸಿದಂತೆ.

ಅಷ್ಟರಲ್ಲಿ ಮಗನೇ ಪ್ಲಗ್ಗಿಗೆ ಸಿಕ್ಕಿಸುವ ಒಂದು ಸಣ್ಣ ಮೀಟರು ತಂದು ಅಳೆದ. ಹಾಡಿಲ್ಲದೆ ಸುಮ್ಮನಿದ್ದಾಗ ಆ ಪೆಟ್ಟಿಗೆ ಎಳೆಯುವುದು ೪೦ ವಾಟು. ವರ್ಷವಿಡೀ ಚಾಲೂ ಇಟ್ಟರೆ ೩೫೦ ಯೂನಿಟ್ಟು. ದಿನಕ್ಕೆ ಎರಡು ಗಂಟೆ ಕೇಳಿದರೆ ಅದರಲ್ಲಿ ಕೇಳುವುದಕ್ಕೆ ಸಲ್ಲುವುದು ೨೯ ಯೂನಿಟ್ಟು. ಮಿಕ್ಕ ೩೨೧ ಯೂನಿಟ್ಟು ಕೇಳದೇ ಇರುವುದಕ್ಕೆ! ತಿಂಗಳಿಗೆ ೨೭ ಯೂನಿಟ್ಟು ಬಿತ್ತು. ನಮ್ಮ ಮನೆಯ ಬಿಲ್ಲು ತಿಂಗಳಿಗೆ ೧೫೦ ಯೂನಿಟ್ಟಿನ ಆಸುಪಾಸು. ಅಂದರೆ ಬಿಲ್ಲಿನ ಆರನೆಯ ಒಂದು ಪಾಲಿಗೂ ಮಿಕ್ಕಿದ್ದು ಮೌನಕ್ಕೆ ಕೊಟ್ಟ ಬೆಲೆ. ನಮ್ಮ ದೇಶದ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನದು, ಒಂದು ಯೂನಿಟ್ಟಿಗೆ ಅರ್ಧ ಕಿಲೋಗೂ ಹೆಚ್ಚು ಕಲ್ಲಿದ್ದಲು ಉರಿಯುತ್ತದೆ. ಆ ಲೆಕ್ಕದಲ್ಲಿ ನಮ್ಮ ನೀಲಿ ದೀಪ ವರ್ಷಕ್ಕೆ ಒಂದೂವರೆ ಕ್ವಿಂಟಲ್ಲಿಗೂ ಹೆಚ್ಚು ಕಲ್ಲಿದ್ದಲನ್ನು ತಿನ್ನುತ್ತದೆ.

ಹೊಸ ಕಾಲದ ಯಂತ್ರಗಳು ಇಷ್ಟು ಹೊಟ್ಟೆಬಾಕವಲ್ಲವೆಂದು ಹೇಳಬೇಕು. ಯಂತ್ರ ಅರೆನಿದ್ದೆಯಲ್ಲಿರುವಾಗ ೧ ವಾಟಿಗಿಂತ ಹೆಚ್ಚು ಎಳೆಯಬಾರದೆಂಬ ಸಲಹೆಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ೧೯೯೯ರಲ್ಲಿ ಮುಂದಿಟ್ಟಿತು. ಯುರೋಪಿನ ಒಕ್ಕೂಟ ೨೦೧೦ರಿಂದ ಅದನ್ನು ಕಟ್ಟಳೆಯಾಗಿಯೇ ಮಾಡಿತು, ೨೦೧೩ರಿಂದ ಅರ್ಧ ವಾಟಿಗೆ ಇಳಿಸಿತು. ಅರ್ಧ ವಾಟೆಂದರೆ ವರ್ಷಕ್ಕೆ ನಾಲ್ಕೂಕಾಲು ಯೂನಿಟ್ಟು ಚಿಲ್ಲರೆ, ಒಂದು ಮನೆಗೆ ಏನೂ ಅಲ್ಲ. ಆದರೆ ಒಂದು ಕೋಟಿ ಮನೆಗಳ ಅರ್ಧ ವಾಟು ಕೂಡಿದರೆ ೫,೦೦೦ ಕಿಲೋವಾಟು, ಹಗಲೂ ರಾತ್ರಿ. ಹನಿಗೂಡಿದರೆ ಹಳ್ಳ ಎಂಬ ಮಾತನ್ನು ನಾವು ಉಳಿತಾಯಕ್ಕೆ ಬಳಸುತ್ತೇವೆ. ಸೋರಿಕೆಗೂ ಅದೇ ಮಾತು ಸಲ್ಲುತ್ತದೆ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ತಾಯಿಯವರ ಮುಂದೆ ಹಿಡಿದೆವು. ಅವರ ಪಕ್ಷಕ್ಕೆ ಗೆಲುವಾಯಿತೆಂದು ಖುಷಿಪಡಬಹುದೆಂಬುದು ನಮ್ಮ ಎಣಿಕೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. "ಲೆಕ್ಕ ನೀವು ಮಾಡ್ಕಳಿ. ಕೇಳೋರಿಲ್ದೆ ಕರೆಂಟು ಉರಿಸಬಾರ್ದು, ಅಷ್ಟೆ" ಎಂದರು. "ದುಡ್ಡು ನಾವೇ ಕೊಡ್ತೀವಲ್ಲ ಅಜ್ಜಿ, ಯಾಕೆ ಉರಿಸಬಾರದು?" ಎಂದು ಮೊಮ್ಮಗ ಕೇಳಿದ. ಆಗ ಅವರು ಹೇಳಿದ ಕಥೆಯನ್ನು ನಾವೂ ಪೂರ್ತಿಯಾಗಿ ಕೇಳಿದ್ದು ಅಂದೇ.

ತಾಯಿಯವರ ತವರು ಸಾಗರ ತಾಲೂಕಿನ ಶರಾವತಿ ದಂಡೆಯ ಒಂದು ಹಳ್ಳಿ. ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಆಗ ಅವರು ಎಂಟೊಂಬತ್ತು ವರ್ಷದ ಹುಡುಗಿ. ನೀರು ಏರುವ ಮೊದಲು ಹಳ್ಳಿಗೆ ಹಳ್ಳಿಯೇ ಎದ್ದು ಹೊರಟಿತು. ಮನೆಯ ಬಾಗಿಲು, ಕಿಟಕಿ, ತೊಲೆ, ಹೆಂಚು, ಏನು ಕಳಚಲು ಬಂತೋ ಅದನ್ನೆಲ್ಲ ಲಾರಿಗೆ ಏರಿಸಿದರು. ಕಳಚಲು ಬಾರದ್ದು ಗೋಡೆ ಮತ್ತು ತೋಟ. ಹೊರಡುವ ದಿನ ಬೆಳಿಗ್ಗೆ ಮಾಡಿಲ್ಲದ ಆ ಮನೆಯಲ್ಲಿ ನಮ್ಮ ಅಜ್ಜಿ ಗಂಜಿ ಮಾಡಿ ಎಲ್ಲರಿಗೂ ಬಡಿಸಿದರು. ಆಮೇಲೆ ಒಲೆಗೆ ನೀರು ಚಿಮುಕಿಸಿ ಕೆಂಡ ಆರಿಸಿದರು, ಬೂದಿ ತೆಗೆದರು, ನೆಲ ಸಾರಿಸಿದರು. ನಾಳೆ ಮುಳುಗುವ ಮನೆಗೆ ಸಾರಣೆ ಏಕೆಂದು ಯಾರೋ ಗದರಿದ್ದಕ್ಕೆ, "ಹೊಗೆಯಾಡೋ ಒಲೆ ಬಿಟ್ಟು ಹೋಗಬಾರ್ದು" ಎಂದರಂತೆ.

ಹೊಸ ಜಾಗ ಕಾಡಿನ ನಡುವೆ. ಅಲ್ಲಿಂದ ನೋಡಿದರೆ ಗುಡ್ಡದಿಂದ ಗುಡ್ಡಕ್ಕೆ ಹಾರಿದಂತೆ ನಿಂತ ಉಕ್ಕಿನ ಗೋಪುರಗಳು, ಅವುಗಳ ಮೇಲೆ ದಪ್ಪ ತಂತಿಗಳು. ೧೯೬೫ರಿಂದ ಶರಾವತಿಯ ವಿದ್ಯುತ್ತು ಆ ತಂತಿಗಳಲ್ಲಿ ಬೆಂಗಳೂರಿಗೆ, ಕಾರಖಾನೆಗಳಿಗೆ, ನಾಡಿನ ಎಲ್ಲೆಡೆಗೆ ಹರಿಯಿತು. ತಂತಿಯ ಕೆಳಗಿನ ಗುಡಿಸಲಲ್ಲಿ ತಾಯಿಯವರು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಮಗ್ಗಿ ಕಲಿತರು. ೧೯೭೬ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದಾಗಲೂ ಅವರ ತವರಿನಲ್ಲಿ ದೀಪ ಬಂದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಬದುಕಿದವರು ಕಡಮೆ. ನಾ. ಡಿಸೋಜರವರ ಕಾದಂಬರಿಗಳನ್ನು ಓದಿದವರಿಗೆ, ಗಿರೀಶ ಕಾಸರವಳ್ಳಿಯವರ 'ದ್ವೀಪ' ಚಿತ್ರ ನೋಡಿದವರಿಗೆ ಈ ಮುಳುಗಡೆಯ ಕಥೆ ಹೊಸದಲ್ಲ. ಅದು ಮುಗಿದ ಕಥೆಯೂ ಅಲ್ಲ. ಹಿನ್ನೀರಿನಾಚೆಯ ತುಮರಿ, ಸಿಗಂದೂರು ಕಡೆಯ ಜನ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಲಾಂಚಿನಲ್ಲೇ ದಾಟಬೇಕಿತ್ತು. ಅಲ್ಲಿ ಸೇತುವೆ ತೆರೆದದ್ದು ೨೦೨೫ರ ಜುಲೈಯಲ್ಲಿ.

"ಅದಕ್ಕೇ ಮಗಾ, ಉರಿಸೋದಾದ್ರೆ ಕೇಳ್ಬೇಕು. ಕೇಳ್ದಿದ್ರೆ ಆರಿಸ್ಬೇಕು" ಎಂದು ಹೇಳಿ ತಾಯಿಯವರು ಅಡಿಗೆಮನೆಗೆ ಎದ್ದುಹೋದರು.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮ ಕರೆಂಟು ಶರಾವತಿಯದಲ್ಲವಲ್ಲ ಅಪ್ಪಾ, ನಾವಿರೋದು ಮುಂಬಯಿಯಲ್ಲಿ" ಎಂದ. ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಮೊದಲನೆಯದು, ಮುಂಬಯಿಯ ವಿದ್ಯುತ್ತಿನ ಬುಡದಲ್ಲೂ ಹಳ್ಳಿಗಳಿವೆ. ಪುಣೆಯ ಬಳಿಯ ಮುಳಶಿ ಕಣಿವೆಯಲ್ಲಿ ಟಾಟಾದವರು ಮುಂಬಯಿಗೆ ವಿದ್ಯುತ್ತು ಒದಗಿಸಲು ಅಣೆಕಟ್ಟು ಕಟ್ಟಹೊರಟಾಗ ೧೯೨೧ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹ ಹೂಡಿದರು. ಅದರ ಮುಂದಾಳುತನ ವಹಿಸಿ ಜೈಲು ಕಂಡ ಪಾಂಡುರಂಗ ಮಹಾದೇವ ಬಾಪಟರು 'ಸೇನಾಪತಿ ಬಾಪಟ್' ಎಂದೇ ಹೆಸರಾದರು. ಅವರ ಹೆಸರಿನ ರಸ್ತೆಯಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಓಡಾಡುತ್ತೇವೆ. ಆದರೆ ಅವರು ಯಾವುದಕ್ಕಾಗಿ ಹೋರಾಡಿದರೆಂದು ನಮ್ಮ ಮಕ್ಕಳಿಗೆ ಹೇಳಿಲ್ಲ. ಹೋರಾಟ ಸೋತಿತು, ಕಣಿವೆ ಮುಳುಗಿತು. ಆಮೇಲೆ ಕೊಯನಾ ಬಂತು, ಅಲ್ಲಿಯೂ ಹಳ್ಳಿಗಳು ಮುಳುಗಿದವು.

ಎರಡನೆಯ ಉತ್ತರ ಬಿ.ಎಸ್ಸಿ.ಯವರದು. ೨೦೧೩ರ ಡಿಸೆಂಬರ್ ೩೧ರಂದು ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ಮಿಕ್ಕ ದೇಶದ ಜಾಲಕ್ಕೆ ಜೋಡಿಸಿ ಇಡೀ ದೇಶದ ಜಾಲವನ್ನು ಒಂದೇ ತಾಳಕ್ಕೆ ತಂದರು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸೆಕೆಂಡಿಗೆ ೫೦ ಆವರ್ತದ ಒಂದೇ ಮಿಡಿತ. ಹೀಗೆ ಒಂದಾದ ಜಾಲದಲ್ಲಿ ಇದು ಇಂಥ ಹೊಳೆಯ ವಿದ್ಯುತ್ತು ಎಂದು ಗುರುತು ಹಚ್ಚಲಾಗದು. ಮುಂಬಯಿಯಲ್ಲಿ ಒಂದು ಸ್ವಿಚ್ಚು ಹಾಕಿದರೆ ಅದರ ಭಾರ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿಯಾದರೂ, ಜಾಲದ ಯಂತ್ರಗಳೆಲ್ಲದರ ಮೇಲೆ ಬೀಳುತ್ತದೆ. ಶರಾವತಿಯ ಚಕ್ರಗಳೂ ಅದರಲ್ಲಿವೆ. ಲಿಂಗನಮಕ್ಕಿ ಆದ ಮೇಲೆ ಮಳೆಗಾಲ ಕಳೆದರೆ ಜೋಗದ ಭೋರ್ಗರೆತ ಸೊರಗುತ್ತದೆ. ಅಲ್ಲಿ ಒಂದು ಸದ್ದನ್ನು ತಗ್ಗಿಸಿ ಪಡೆದ ಶಕ್ತಿ ಇಲ್ಲಿ ಮನಸೂರರ ದನಿಯಾಗಿ ಹೊರಟರೆ ಒಂದು ಮಾತು. ಏನೂ ಆಗದೆ ಕಪಾಟಿನ ಹಿಂದಿನ ಗೋಡೆಯನ್ನು ಬೆಚ್ಚಗೆ ಮಾಡಿದರೆ ಏನೆನ್ನಬೇಕು?

ಇಲ್ಲಿಗೆ ನಮ್ಮ ವ್ಯಾಜ್ಯ ಯಂತ್ರದ ಮೇಲಿಂದ ಇಳಿದು ನಮ್ಮ ಮೇಲೆ ಬಂದು ಕೂತಿತು. ಯಂತ್ರವನ್ನು ಸದಾ ಚಾಲೂ ಇಡುವ ಆಸೆಯ ಒಳಗೆ ಇನ್ನೊಂದು ಆಸೆ ಅಡಗಿದೆ. ನಾವು ಬಂದಾಗ ಎಲ್ಲವೂ ಸಿದ್ಧವಾಗಿರಬೇಕು, ನಾವು ಯಾವುದಕ್ಕೂ ಕಾಯಬಾರದು, ನಮಗಾಗಿ ಏನಾದರೊಂದು ಕಾಯುತ್ತಿರಬೇಕು. ಹಿಂದೆ ಈ ಸುಖ ಅರಸರಿಗೂ ಜಮೀನುದಾರರಿಗೂ ಮಾತ್ರ ಇತ್ತು. ಯಜಮಾನರು ಏಳುವವರೆಗೆ ಆಳು ಬಾಗಿಲಲ್ಲಿ ನಿಂತಿರಬೇಕು. ಅವನು ನಿಂತೇ ರಾತ್ರಿ ಕಳೆದನೆಂಬುದು ಯಜಮಾನರ ಗಮನಕ್ಕೆ ಬರುತ್ತಿರಲಿಲ್ಲ. ಈಗ ಆಳಿನ ಜಾಗದಲ್ಲಿ ನೀಲಿ ದೀಪ ನಿಂತಿದೆ, ನಾವೆಲ್ಲರೂ ಯಜಮಾನರಾಗಿದ್ದೇವೆ. ಕಾಯುವವರು ಇಲ್ಲವೇ ಇಲ್ಲವೆಂದು ಅಂದುಕೊಳ್ಳುತ್ತೇವೆ. ಇದ್ದಾರೆ, ನಮ್ಮ ಕಣ್ಣಿಗೆ ಬೀಳದಷ್ಟು ದೂರದಲ್ಲಿದ್ದಾರೆ.

ಇದನ್ನು ಬರೆಯುವಾಗ ನಮ್ಮ ಒಂದು ತಪ್ಪನ್ನೂ ಹೇಳಿಕೊಳ್ಳಬೇಕು. ನಮ್ಮ ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಖಾಲಿ ಕುರ್ಚಿಗಳ ಮೇಲೆ ಹನ್ನೆರಡು ಫ್ಯಾನುಗಳು ತಿರುಗುತ್ತಿರುತ್ತವೆ. ಇಪ್ಪತ್ತು ವರ್ಷ ನಾವು ಊಟದ ಡಬ್ಬಿ ಹಿಡಿದು ಅವುಗಳ ಕೆಳಗೇ ನಡೆದುಹೋಗಿದ್ದೇವೆ. ಸ್ವಿಚ್ಚಿನ ಹಲಗೆ ಬಾಗಿಲ ಪಕ್ಕದಲ್ಲೇ ಇದೆ. ಮನೆಯಲ್ಲಿ ಹುಡುಗ ಒಂದು ದೀಪ ಮರೆತರೆ ಗದರುವ ನಾವು ಅಲ್ಲಿ ಕೈ ಎತ್ತಲಿಲ್ಲ. ಕಾರಣ, ಆ ಬಿಲ್ಲು ನಮ್ಮ ಹೆಸರಿಗೆ ಬರುವುದಿಲ್ಲ. ಅಂದರೆ ಮನೆಯಲ್ಲಿ ನಾವು ಆರಿಸುತ್ತಿದ್ದುದು ದುಡ್ಡಿನ ಭಯದಿಂದ, ಧರ್ಮದಿಂದಲ್ಲ. ನಮ್ಮ ತಾಯಿಯವರಾದರೋ ದೇವಸ್ಥಾನದ ಛತ್ರದಲ್ಲೂ ರೈಲಿನ ಡಬ್ಬಿಯಲ್ಲೂ ಎದ್ದುಹೋಗಿ ಆರಿಸಿ ಬರುವವರು. ಇಷ್ಟು ದಿನ ಅದನ್ನು ಹಳಬರ ಜಿಪುಣತನವೆಂದುಕೊಂಡಿದ್ದೆವು. ಜಿಪುಣ ತನ್ನ ಗಂಟನ್ನು ಕಾಯುತ್ತಾನೆ. ಪರರ ಬಿಲ್ಲಿನ ದೀಪವನ್ನು ಆರಿಸುವವರಿಗೆ ಬೇರೆ ಹೆಸರು ಬೇಕು.

ಹಾಗಾದರೆ ಸದಾ ಉರಿಯುವುದೆಲ್ಲ ತಪ್ಪೇ? ಮಗ ಬಿಡುವವನಲ್ಲ. "ದೇವಸ್ಥಾನದ ನಂದಾದೀಪ? ಅದನ್ನು ಯಾರೂ ಆರಿಸೋದಿಲ್ಲವಲ್ಲ. ನಮ್ಮ ಫ್ರಿಜ್ಜು?" ಎಂದ. ಫ್ರಿಜ್ಜಿನ ವಿಷಯ ಸುಲಭ. ಅದು ಸುಮ್ಮನಿದ್ದಂತೆ ಕಂಡರೂ ಕೆಲಸ ಮಾಡುತ್ತಿರುತ್ತದೆ, ಹಾಲನ್ನೂ ಔಷಧವನ್ನೂ ಕಾಪಾಡುತ್ತಿರುತ್ತದೆ. ನಂದಾದೀಪದ ಬಗ್ಗೆ ಮಾತ್ರ ನಾವು ಎರಡು ದಿನ ಯೋಚಿಸಿದೆವು. ಅದು ಯಾವ ಕೆಲಸ ಮಾಡುತ್ತದೆಂದು ವಾಟಿನ ಲೆಕ್ಕದಲ್ಲಿ ಹೇಳಲಾಗದು. ಆದರೆ ನಂದಾದೀಪ ತಾನೇ ತಾನಾಗಿ ಉರಿಯುವುದಿಲ್ಲ. ಯಾರೋ ಎಣ್ಣೆ ತರಬೇಕು, ಬತ್ತಿ ಹೊಸೆಯಬೇಕು, ಕರಿ ಕುಡಿ ತೆಗೆಯಬೇಕು, ಗಾಳಿ ಬಂದರೆ ಕೈ ಅಡ್ಡ ಹಿಡಿಯಬೇಕು. ಹಿಂದಿನವರು ದೀಪದ ಎಣ್ಣೆಗೆಂದು ದತ್ತಿ ಬಿಟ್ಟ ಶಾಸನಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಅದು ಆರದೆ ಇರುವುದು ಒಬ್ಬರ ದಿನನಿತ್ಯದ ಗಮನದಿಂದ. ಆ ಗಮನವೇ ಅಲ್ಲಿಯ ಪೂಜೆ ಎಂದು ನಮಗೆ ತೋರುತ್ತದೆ. ನೀಲಿ ದೀಪಕ್ಕೆ ಯಾರ ಗಮನವೂ ಬೇಡ. ಮರೆತಷ್ಟೂ ಚೆನ್ನಾಗಿ ಉರಿಯುತ್ತದೆ. ನೋಡುವವರಿದ್ದು ಉರಿಯುವುದು ದೀಪ, ಮರೆತದ್ದರಿಂದ ಉರಿಯುವುದು ಬರಿಯ ಸೋರಿಕೆ.

ಇಷ್ಟು ಹೊತ್ತಿಗೆ ತೀರ್ಪು ಬರೆದು ಮುಗಿಸಬಹುದಿತ್ತು. ಆದರೆ ಹೋದ ತಿಂಗಳು ಇನ್ನೊಂದು ಸಂಗತಿ ನಡೆಯಿತು. ಜ್ವರ ಬಂದು ನಾವು ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆವು. ಮಗ ಕಾಲೇಜಿಗೆ, ಶ್ರೀಮತಿಯವರು ಶಾಲೆಗೆ ಹೋಗಿದ್ದರು. ಬಾಗಿಲು ತೆರೆದರೆ ಅಡಿಗೆಮನೆಯಲ್ಲಿ ಸಣ್ಣ ರೇಡಿಯೋ ಸಣ್ಣ ದನಿಯಲ್ಲಿ ಮಾತಾಡುತ್ತಿದೆ. ತಾಯಿಯವರು ಹೊರಕೋಣೆಯಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಾರೆ. ಕೇಳುವವರಿಲ್ಲ, ಕರೆಂಟು ಉರಿಯುತ್ತಿದೆ! ನಾವು ಹೋಗಿ ಮೆಲ್ಲನೆ ಆರಿಸಿದೆವು. ಕೂಡಲೇ ಅವರು ಎಚ್ಚರಾದರು. ನಾಚಿಕೊಂಡಂತೆ ನಕ್ಕು, "ಕೇಳಕ್ಕಲ್ಲ ಮಾರಾಯ. ಮನೇಲಿ ಯಾರೋ ಮಾತಾಡ್ತಾ ಇರಬೇಕು ಅಂತ" ಎಂದರು. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ದಿನವೂ ಹೀಗೆಯೇ ಎಂದು ಆಮೇಲೆ ತಿಳಿಯಿತು. ತಂದೆಯವರು ತೀರಿಕೊಂಡ ವರ್ಷದಿಂದ.

ನಾವು ಚಿಕ್ಕವರಿದ್ದಾಗ ತಂದೆಯವರ ಬಳಿ ಒಂದು ವಾಲ್ವ್ ರೇಡಿಯೋ ಇತ್ತು. ಗುಂಡಿ ತಿರುಗಿಸಿದರೆ ಮೊದಲು ಏನೂ ಇಲ್ಲ. ವಾಲ್ವುಗಳು ಕಾಯಬೇಕು. ಅರ್ಧ ನಿಮಿಷದ ಮೇಲೆ ಗಾಜಿನ ಹಿಂದೆ ಹಸಿರು ಕಣ್ಣು ಅರಳುತ್ತಿತ್ತು, ಆಮೇಲೆ ಗೊರಗೊರ, ಆಮೇಲೆ ದನಿ. ಮಧ್ಯಮ ತರಂಗ ರಾತ್ರಿಯ ಹೊತ್ತು ಆಕಾಶದಿಂದ ಮರಳಿ ಬಹು ದೂರ ಹೋಗುವುದರಿಂದ ಊಟವಾದ ಮೇಲೆ ಧಾರವಾಡ ಕೇಂದ್ರ ಸಿಗುತ್ತಿತ್ತು, ಒಮ್ಮೆ ತೇಲಿ ಒಮ್ಮೆ ಮುಳುಗಿ. ಆ ಅರ್ಧ ನಿಮಿಷ ಮನೆಯವರೆಲ್ಲ ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದೆವು. ಈಗ ಅನ್ನಿಸುತ್ತದೆ, ಅದು ವ್ಯರ್ಥವಾದ ಕಾಲವಲ್ಲ, ಅಲ್ಲಿಂದಲೇ ಕೇಳುವುದು ಆರಂಭವಾಗುತ್ತಿತ್ತು. ಕಚೇರಿಯ ಮೊದಲು ತಂಬೂರಿ ಶ್ರುತಿ ಮಾಡುವಾಗ ಸಭೆ ಸುಮ್ಮನಾಗುವುದಿಲ್ಲವೇ, ಹಾಗೆ. ವಾರ್ತೆ ಮುಗಿದ ಕೂಡಲೇ ಗುಂಡಿ ತಿರುಗಿಸಿ ಆರಿಸುತ್ತಿದ್ದವರು ಆಗಲೂ ತಾಯಿಯವರೇ. ಆಗ ಮನೆಯಲ್ಲಿ ಮಾತಾಡುವವರಿದ್ದರು.

ಮೀಟರಿನ ಲೆಕ್ಕದಲ್ಲಿ ಆ ಸಣ್ಣ ರೇಡಿಯೋ ೩ ವಾಟಿನದು. ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ ಐದೂವರೆ ಯೂನಿಟ್ಟು. ಆದರೆ ಅಲ್ಪವೆಂಬ ಕಾರಣಕ್ಕೆ ಅದನ್ನು ಮನ್ನಿಸಿದರೆ ನಮ್ಮ ನ್ಯಾಯ ನ್ಯಾಯವಾಗದು, ಅರ್ಧ ವಾಟಿನ ಸೋರಿಕೆಯನ್ನೂ ಮೇಲೆ ನಾವೇ ತಪ್ಪೆಂದಿದ್ದೇವೆ. ಅದನ್ನು ಮನ್ನಿಸಬೇಕಾದದ್ದು ಬೇರೆ ಕಾರಣಕ್ಕೆ. ಕಿವಿಯಿಂದ ಕೇಳುವುದೊಂದೇ ಕೇಳುವಿಕೆಯಲ್ಲ. ಪರಭಾಷೆಯ ಊರಿನಲ್ಲಿ, ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ, ಎಲ್ಲರೂ ಹೊರಟುಹೋದ ಮೇಲೆ ಉಳಿಯುವ ಐದು ಗಂಟೆಗಳು ಎಂಥವು ಎಂದು ನಮ್ಮ ಸಂಘದ ಎಷ್ಟು ಮನೆಗಳ ಹಿರಿಯರಿಗೆ ಗೊತ್ತಿರಬೇಕು! ಆ ರೇಡಿಯೋ ಆರಿದ ಕ್ಷಣದಲ್ಲೇ ಅವರಿಗೆ ಎಚ್ಚರವಾಯಿತಲ್ಲ, ಅದೇ ಸಾಕ್ಷಿ. ಆಂಪ್ಲಿಫೈಯರನ್ನು ಆರಿಸಿದರೆ ಮನೆಯಲ್ಲಿ ಯಾರಿಗೂ ಎಚ್ಚರವಾಗುವುದಿಲ್ಲ.

ಹೀಗಾಗಿ ನಮ್ಮ ತೀರ್ಪು. ಆರಿಸಿದರೆ ಯಾರಿಗಾದರೂ ಎಚ್ಚರವಾಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಆಗುವುದಾದರೆ ಅದು ಯಾರಿಗೋ ಸಲ್ಲುತ್ತಿದೆ, ಉರಿಯಲಿ. ಯಾರಿಗೂ ಎಚ್ಚರವಾಗದಿದ್ದರೆ ಆರಿಸಬೇಕು, ಬಿಲ್ಲು ಯಾರ ಹೆಸರಿನದಾದರೂ ಸರಿ. ಆಂಪ್ಲಿಫೈಯರನ್ನು ಕೇಳುವ ಅರ್ಧ ಗಂಟೆ ಮೊದಲು ಹಾಕತಕ್ಕದ್ದು, ಕೇಳಿ ಮುಗಿದ ಮೇಲೆ ಆರಿಸತಕ್ಕದ್ದು. ಟೀವಿಯ ಪಕ್ಕದ ಸೆಟ್-ಟಾಪ್ ಪೆಟ್ಟಿಗೆಯನ್ನೂ ರಾತ್ರಿ ಗೋಡೆಯಿಂದಲೇ ಆರಿಸತಕ್ಕದ್ದು. ಅದರ ಕಡೆಗೆ ವಾದಿಯ ಗಮನವೂ ಹೋಗಿರಲಿಲ್ಲ, ಪ್ರತಿವಾದಿಯ ಗಮನವೂ ಹೋಗಿರಲಿಲ್ಲ. ಅಡಿಗೆಮನೆಯ ರೇಡಿಯೋವನ್ನು ಯಾರೂ ಮುಟ್ಟತಕ್ಕದ್ದಲ್ಲ.

ತೀರ್ಪಿಗೆ ಇನ್ನೊಂದು ಸಾಲು ಸೇರಿಸಬೇಕಿತ್ತೆಂದು ಮಗ ಹೇಳುತ್ತಾನೆ. ಅಜ್ಜಿಗೆ ಮಾತಾಡುವವರು ಬೇಕಾದರೆ ರೇಡಿಯೋಗೆ ಅನುಮತಿ ಕೊಟ್ಟು ಸುಮ್ಮನಾದರೆ ಆಯಿತೇ ಎಂದು ಕೇಳಿದ. ಇದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕಚೇರಿಯಿಂದ ಮನೆಗೆ ಒಂದು ಫೋನು ಮಾಡುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಫೋನಿಗೆ ಹೊರಡುವ ಮೊದಲು, ಬಾಗಿಲ ಪಕ್ಕದ ಹಲಗೆಯಲ್ಲಿ ಹನ್ನೆರಡು ಫ್ಯಾನುಗಳನ್ನು ಆರಿಸುತ್ತೇವೆ. ಸಹೋದ್ಯೋಗಿಗಳು ನಗುತ್ತಾರೆ.

ವಾಚಕರ ಮನೆಗಳಲ್ಲಿ ಇಂಥ ವ್ಯಾಜ್ಯವಿದ್ದರೆ, ಮತ್ತು ನಮ್ಮ ತೀರ್ಪಿನಲ್ಲಿ ತಪ್ಪು ಕಂಡರೆ, ಸಂಪಾದಕರ ಹೆಸರಿಗೆ ಬರೆದು ತಿಳಿಸಬೇಕಾಗಿ ವಿನಂತಿ.